ಹಣ ಕಟ್ಟುವ ಮುನ್ನ ಆ ಸಂಸ್ಥೆಯ ಲ್ಯಾಬ್ ನೋಡಿ ಬನ್ನಿ

ನೀವು ಪಿಂಪ್ರಿಯಲ್ಲಿದ್ದು ಬಿ.ಕಾಂ ಮುಗಿಸಿದ್ದೀರಿ, ಕಚೇರಿಯ ಕಂಪ್ಯೂಟರುಗಳ ತೊಂದರೆ ಸರಿಪಡಿಸುವ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರಬೇಕೆಂದಿದ್ದೀರಿ. ಒಂದು ವರ್ಷದ ಹಾರ್ಡ್‌ವೇರ್-ನೆಟ್‌ವರ್ಕಿಂಗ್ ಡಿಪ್ಲೊಮಾಕ್ಕೆ ಎಂಬತ್ತೈದು ಸಾವಿರ ರೂಪಾಯಿ ಕೇಳುತ್ತಿರುವ, ನೌಕರಿ ಖಾತರಿ ಎನ್ನುತ್ತಿರುವ ಸಂಸ್ಥೆಗೆ ಸೇರಬೇಕೇ ಎಂಬುದು ನಿಮ್ಮ ಒಂದು ಪ್ರಶ್ನೆ. ಇಂಗ್ಲಿಷ್ ಸರಾಗವಾಗಿ ಬಾರದವರಿಗೆ ಈ ಕೆಲಸ ಸಿಗುತ್ತದೆಯೇ ಎಂಬುದು ಇನ್ನೊಂದು. ನಾನು ವಿಜಯಪುರದಿಂದ ಪುಣೆಗೆ ಬಂದು ಹದಿಮೂರು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಈಗ ಖರಾಡಿಯ ಕಚೇರಿಯೊಂದರಲ್ಲಿ ಹೊಸಬರ ಸಂದರ್ಶನಕ್ಕೂ ಕೂರುತ್ತೇನೆ. ಆದ್ದರಿಂದ ಮೇಜಿನ ಎರಡೂ ಬದಿಯಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಸಂಸ್ಥೆಯ ಪ್ರಮಾಣಪತ್ರದ ಮೇಲೆ ಏನು ಅಚ್ಚಾಗಿರುತ್ತದೆ ಎನ್ನುವುದಕ್ಕಿಂತ, ಕೋರ್ಸ್‌ನ ಅವಧಿಯಲ್ಲಿ ನಿಮ್ಮ ಕೈ ಎಷ್ಟು ಗಂಟೆ ಕಂಪ್ಯೂಟರಿನ ಮೇಲಿರುತ್ತದೆ ಎನ್ನುವುದನ್ನು ನೋಡಿ ಆಯ್ಕೆ ಮಾಡಿ. ನಾನು ಇದನ್ನು ನೋಡದೆ ಸೇರಿದ್ದೆ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಫೀಸು ಕಟ್ಟಿದ್ದರು. ಮೂವತ್ತು ಜನರ ಬ್ಯಾಚಿಗೆ ಕೆಲಸ ಮಾಡುವ ಕಂಪ್ಯೂಟರುಗಳು ನಾಲ್ಕೇ ಇದ್ದವು. ಉಳಿದ ಹೊತ್ತೆಲ್ಲ ಬೋರ್ಡಿನ ಮೇಲೆ ಬರೆದದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆವು. ಮೊದಲ ಸಂದರ್ಶನದಲ್ಲಿ ಒಬ್ಬ ಹಿರಿಯರು, ಕಂಪ್ಯೂಟರಿಗೆ 169.254 ಎಂದು ಆರಂಭವಾಗುವ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಬಂದಿದೆ, ಏನಾಗಿರಬಹುದು ಎಂದು ಕೇಳಿದರು. ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ವಿಳಾಸ ಸಿಗದಿದ್ದಾಗ ವಿಂಡೋಸ್ ತಾನಾಗಿಯೇ ಇಂಥದೊಂದು ವಿಳಾಸ ಇಟ್ಟುಕೊಳ್ಳುತ್ತದೆ. ಆಗ ಕೇಬಲ್, ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟ್, ಡಿಎಚ್‌ಸಿಪಿ ಸರ್ವರ್ ಹೀಗೆ ಒಂದೊಂದಾಗಿ ನೋಡುತ್ತ ಹೋಗಬೇಕು. ಆ ಸಂಖ್ಯೆಯನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಪರದೆಯ ಮೇಲೆ ಒಮ್ಮೆಯೂ ಕಂಡಿರಲಿಲ್ಲ. ಉತ್ತರ ಬಾಯಿಗೆ ಬರಲಿಲ್ಲ, ಕೆಲಸವೂ ಸಿಗಲಿಲ್ಲ.

ಹಾಗಾಗಿ ಡೆಮೊ ತರಗತಿಯನ್ನಷ್ಟೇ ನೋಡಿ ಬರಬೇಡಿ. ತರಗತಿ ನಡೆಯುತ್ತಿರುವ ಒಂದು ಸಾಮಾನ್ಯ ದಿನ ಹೋಗಿ, ಲ್ಯಾಬ್ ತೋರಿಸಿ ಎಂದು ಕೇಳಿ. ಒಬ್ಬರಿಗೆ ಒಂದು ಕಂಪ್ಯೂಟರ್ ಇದೆಯೇ, ವಿದ್ಯಾರ್ಥಿಗಳೇ ವಿಂಡೋಸ್ ಸರ್ವರ್ ಹಾಕಿ ಕಚೇರಿಯ ಬಳಕೆದಾರರನ್ನೂ ಕಂಪ್ಯೂಟರುಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ಆಕ್ಟಿವ್ ಡೈರೆಕ್ಟರಿ ಕಟ್ಟುತ್ತಾರೆಯೇ, ಅಥವಾ ಮೇಷ್ಟ್ರು ಪ್ರೊಜೆಕ್ಟರಿನಲ್ಲಿ ತೋರಿಸಿ ಮುಗಿಸುತ್ತಾರೆಯೇ ಎಂದು ಕಣ್ಣಾರೆ ನೋಡಿ. ಅಲ್ಲಿ ಕಲಿಯುತ್ತಿರುವ ಯಾರಾದರೊಬ್ಬರ ಜೊತೆ ಹೊರಗೆ ಚಹಾ ಕುಡಿಯುತ್ತ ಐದು ನಿಮಿಷ ಮಾತನಾಡಿದರೆ, ಕೌನ್ಸೆಲರ್ ಒಂದು ಗಂಟೆಯಲ್ಲಿ ಹೇಳದ ಸಂಗತಿ ತಿಳಿಯುತ್ತದೆ. ಲ್ಯಾಬ್ ತೋರಿಸಲು ಹಿಂದೇಟು ಹಾಕುವ ಸಂಸ್ಥೆಗೆ ಸೇರಲೇಬೇಡಿ.

ಎರಡನೆಯದಾಗಿ ಪಠ್ಯಕ್ರಮದ ಹಾಳೆಯನ್ನು ಕೇಳಿ ಪಡೆಯಿರಿ. ಅದರಲ್ಲಿ ಎಂಸಿಎಸ್‌ಇ ಎಂದಿದ್ದರೆ ಎಚ್ಚರವಾಗಿರಿ, ಏಕೆಂದರೆ ಮೈಕ್ರೋಸಾಫ್ಟ್ ಆ ಪ್ರಮಾಣಪತ್ರವನ್ನು 2021ರ ಜನವರಿ 31ರಂದೇ ನಿಲ್ಲಿಸಿದೆ. ಸಪೋರ್ಟ್ ಕೆಲಸದ ಆರಂಭಿಕ ಪ್ರಮಾಣಪತ್ರವಾದ ಎ ಪ್ಲಸ್ ಎಂದಿದ್ದರೆ, ಅವರು ಕಲಿಸುವುದು 2025ರ ಮಾರ್ಚ್‌ನಲ್ಲಿ ಬಂದ 220-1201 ಮತ್ತು 220-1202 ಪರೀಕ್ಷೆಗಳಿಗೋ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಂತುಹೋದ ಹಳೆಯ ಜೋಡಿಗೋ ಎಂದು ಕೇಳಿ. ಕಾಂಪ್‌ಟಿಯಾ ಎಂಬ ಸಂಸ್ಥೆ ನಡೆಸುವ ಈ ಎರಡು ಪರೀಕ್ಷೆಗಳಲ್ಲಿ ತಲಾ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆಗಳಿರುತ್ತವೆ. ಪ್ರಮಾಣಪತ್ರ ಮೂರು ವರ್ಷ ನಡೆಯುತ್ತದೆ. ಇಲ್ಲಿ ಅನೇಕರು ಮೋಸ ಹೋಗುವ ಜಾಗವೊಂದಿದೆ. ಎ ಪ್ಲಸ್, ಸಿಸಿಎನ್‌ಎ (ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪ್ರಮಾಣಪತ್ರ) ಎಲ್ಲವೂ ಸೇರಿದೆ ಎಂದು ಸಂಸ್ಥೆಯವರು ಹೇಳಿದಾಗ ಸೇರಿರುವುದು ಪಾಠ ಮಾತ್ರವಾಗಿರಬಹುದು. ಪ್ರಮಾಣಪತ್ರ ಕೊಡುವವರು ನಡೆಸುವ ಪರೀಕ್ಷೆಗೆ ಶುಲ್ಕವನ್ನು ನೀವೇ ಬೇರೆಯಾಗಿ ಕಟ್ಟಬೇಕಾಗಬಹುದು. ಶುಲ್ಕ ಸೇರಿದ್ದರೆ ಅದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಸಂಸ್ಥೆ ತಾನೇ ಅಚ್ಚು ಹಾಕಿ ಕೊಡುವ ಡಿಪ್ಲೊಮಾವನ್ನು ಸಂದರ್ಶನದಲ್ಲಿ ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫೀಸನ್ನು ಬಡ್ಡಿಯಿಲ್ಲದ ಕಂತುಗಳಲ್ಲಿ ಕಟ್ಟಿ ಎಂದರೆ, ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದಿ. ಎಷ್ಟೋ ಕಡೆ ಅದು ಫೈನಾನ್ಸ್ ಕಂಪನಿಯೊಂದು ನಿಮ್ಮ ಹೆಸರಿನಲ್ಲಿ ಕೊಡುವ ಸಾಲವಾಗಿರುತ್ತದೆ. ಹಣ ಮೊದಲೇ ಸಂಸ್ಥೆಯ ಕೈಸೇರಿರುವುದರಿಂದ ನೀವು ನಡುವೆ ಬಿಟ್ಟರೂ, ಸಂಸ್ಥೆಯೇ ಬಾಗಿಲು ಹಾಕಿಕೊಂಡರೂ ಫೈನಾನ್ಸಿನವರು ಕಂತಿಗಾಗಿ ನಿಮ್ಮ ಬೆನ್ನು ಬೀಳುತ್ತಾರೆ. ನೌಕರಿಯ ಖಾತರಿ ಎಂಬ ಮಾತನ್ನು, ಕೆಲಸ ಸಿಗದಿದ್ದರೆ ಹಣ ಹಿಂದಿರುಗಿಸುತ್ತೇವೆ ಎಂಬ ಷರತ್ತಿನೊಂದಿಗೆ ಬರೆದುಕೊಡುತ್ತಾರೆಯೇ ಎಂದು ಕೇಳಿ ನೋಡಿ.

ಈಗ ನನ್ನ ಸಲಹೆ. ಎಂಬತ್ತೈದು ಸಾವಿರವನ್ನು ಸದ್ಯಕ್ಕೆ ಕೈಯಲ್ಲೇ ಇಟ್ಟುಕೊಳ್ಳಿ. ಅದರ ಒಂದು ಭಾಗದಲ್ಲಿ 16 ಜಿಬಿ ರ್‍ಯಾಮ್ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳಿ. ಒಂದು ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ನಡೆಸಲು ಬಿಡುವ ವರ್ಚುವಲ್‌ಬಾಕ್ಸ್ ಉಚಿತ, ವಿಂಡೋಸ್ ಸರ್ವರನ್ನು 180 ದಿನ ಪರೀಕ್ಷಾರ್ಥವಾಗಿ ಬಳಸಲು ಮೈಕ್ರೋಸಾಫ್ಟ್ ಉಚಿತವಾಗಿಯೇ ಕೊಡುತ್ತದೆ. ಒಂದೇ ಲ್ಯಾಪ್‌ಟಾಪಿನೊಳಗೆ ಒಂದು ಸರ್ವರ್, ಅದನ್ನು ಬಳಸುವ ಒಂದು ಕ್ಲೈಂಟ್ ಕಂಪ್ಯೂಟರ್ ಕಟ್ಟಿ, ಕ್ಲೈಂಟನ್ನು ಡೊಮೈನಿಗೆ, ಅಂದರೆ ಆ ಸರ್ವರ್ ನಿರ್ವಹಿಸುವ ಗುಂಪಿಗೆ, ಸೇರಿಸಲು ನೋಡಿ. ಮೊದಲ ಸಲ ಬಹುಶಃ ಅದು ಸೇರುವುದಿಲ್ಲ, ಡೊಮೈನ್ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಅರ್ಧ ದಿನ ತಡಕಾಡಿದ ಮೇಲೆ, ಹೆಸರಿಗೆ ತಕ್ಕ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರನ್ನು ಕ್ಲೈಂಟಿಗೆ ತಿಳಿಸುವ ಜಾಗದಲ್ಲಿ ಅಭ್ಯಾಸಬಲದಿಂದ ಗೂಗಲ್‌ನ 8.8.8.8 ಹಾಕಿದ್ದೀರಿ, ಅಲ್ಲಿ ನಿಮ್ಮ ಸರ್ವರಿನ ವಿಳಾಸವೇ ಇರಬೇಕಿತ್ತು ಎಂಬುದು ಹೊಳೆಯುತ್ತದೆ. ಡಿಎನ್‌ಎಸ್ ಎಂದರೇನು ಎಂಬುದನ್ನು ಆ ಅರ್ಧ ದಿನ ಕಲಿಸುವಷ್ಟು ಚೆನ್ನಾಗಿ ಯಾವ ತರಗತಿಯೂ ನನಗೆ ಕಲಿಸಲಿಲ್ಲ.

ಜೊತೆಗೊಂದು ಕ್ರಮಬದ್ಧ ಪಾಠ ಬೇಕೆಂದರೆ, 2018ರಲ್ಲಿ ಆರಂಭವಾದ ಗೂಗಲ್‌ನ ಐಟಿ ಸಪೋರ್ಟ್ ಕೋರ್ಸ್ ಕೋರ್ಸೆರಾ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿದೆ. ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಂ, ಸಿಸ್ಟಂ ನಿರ್ವಹಣೆ, ಭದ್ರತೆ ಎಲ್ಲವನ್ನೂ ಮೊದಲಿನಿಂದ ಹೇಳಿಕೊಡುತ್ತದೆ, ಹಣದ ಅಡಚಣೆಯಿದ್ದರೆ ನೆರವಿಗೆ ಅರ್ಜಿ ಹಾಕಬಹುದು. ಒಬ್ಬರೇ ಕುಳಿತು ಕಲಿಯುವುದು ಆಗದು ಎನ್ನುವವರು ಸರಕಾರಿ ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಒಂದು ವರ್ಷದ ಟ್ರೇಡ್ ಇದೆಯೇ ಎಂದು ವಿಚಾರಿಸಿ. ಫೀಸು ಖಾಸಗಿಯವರಿಗಿಂತ ಬಹಳ ಕಡಿಮೆ. ಎಂಎಸ್-ಸಿಐಟಿ ಮಾಡಿದ್ದರೆ ಒಳ್ಳೆಯದೇ, ಆದರೆ ಅದು ಕಂಪ್ಯೂಟರ್ ಸಾಕ್ಷರತೆಯ ಕೋರ್ಸ್, ಸಪೋರ್ಟ್ ಕೆಲಸಕ್ಕೆ ಸಾಲದು. ಕೈಯಲ್ಲಿ ಉಳಿದ ಹಣದಿಂದ ಆರು ತಿಂಗಳ ನಂತರ ಎ ಪ್ಲಸ್ ಪರೀಕ್ಷೆ ಕಟ್ಟಬಹುದು.

ಇನ್ನು ಇಂಗ್ಲಿಷ್. ನಮ್ಮ ಕಲಬುರಗಿ, ವಿಜಯಪುರ ಕಡೆಯ ಹುಡುಗರು ಇದೊಂದು ಹೆದರಿಕೆಗೇ ಎಷ್ಟೋ ಕಡೆ ಅರ್ಜಿ ಹಾಕದೆ ಉಳಿಯುವುದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಪುಣೆಯ ಕಚೇರಿಗಳಲ್ಲಿ ಎದುರಿಗೆ ನಿಂತು ಮಾಡುವ ಸಪೋರ್ಟ್ ಬಹುಪಾಲು ಹಿಂದಿ, ಮರಾಠಿಯಲ್ಲೇ ನಡೆಯುತ್ತದೆ, ಅವೆರಡೂ ನಿಮಗೆ ಬರುತ್ತವೆ. ವಿದೇಶಿ ಗ್ರಾಹಕರ ಕರೆ ಸ್ವೀಕರಿಸುವ ಕೆಲಸಕ್ಕೆ ಮಾತ್ರ ಮಾತಿನ ಇಂಗ್ಲಿಷ್ ಮೊದಲ ದಿನದಿಂದಲೇ ಬೇಕು. ಆದರೆ ಎರಡೂ ಕಡೆ ಟಿಕೆಟ್, ಅಂದರೆ ಪ್ರತಿ ದೂರಿನ ದಾಖಲೆ, ಬರೆಯುವುದು ಇಂಗ್ಲಿಷಿನಲ್ಲೇ. ಬಳಕೆದಾರರು ಹೇಳಿದ್ದೇನು, ನಾನು ನೋಡಿದ್ದೇನು, ಮಾಡಿದ್ದೇನು, ಈಗ ಹೇಗಿದೆ ಎಂಬ ನಾಲ್ಕು ಚಿಕ್ಕ ವಾಕ್ಯಗಳು ತಪ್ಪಿಲ್ಲದೆ ಬಂದರೆ ಆರಂಭಕ್ಕೆ ಸಾಕು. ಮನೆಯ ಲ್ಯಾಪ್‌ಟಾಪಿನಲ್ಲಿ ಕೆಡಿಸಿ ಸರಿಪಡಿಸಿದ ಪ್ರತಿಯೊಂದಕ್ಕೂ ಹೀಗೆ ಒಂದು ಟಿಕೆಟ್ ಬರೆದಿಡಿ, ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ. ನನ್ನೆದುರು ಯಾರಾದರೂ ಅದನ್ನು ತೆರೆದಿಟ್ಟರೆ, ನಾನು ಡಿಪ್ಲೊಮಾ ಕೇಳದೆ ಅದರೊಳಗಿನ ಟಿಕೆಟ್ಟುಗಳ ಬಗ್ಗೆಯೇ ಪ್ರಶ್ನೆ ಶುರುಮಾಡುತ್ತೇನೆ.