ನೆರೆಯಿಂದ ಕಾರ್ಖಾನೆ ಮುಚ್ಚಿದ್ದ ದಿನಗಳಿಗೆ ಸಂಬಳ ಕೇಳಬಹುದೇ?

ನೆರೆ ನೀರು ನುಗ್ಗಿ ನಿಮ್ಮ ಕಾರ್ಖಾನೆ ಹತ್ತು ದಿನ ಮುಚ್ಚಿತ್ತು, ಆ ದಿನಗಳ ಸಂಬಳ ಕೇಳುವ ಹಕ್ಕು ಇದೆಯಾ ಅಂತ ಕೇಳಿದ್ದೀರಿ. ಯಾವ ದೇಶ ಅಂತ ಬರೆದಿಲ್ಲ. ನಾನು ಹಲವು ವರ್ಷ ಕಾರ್ಖಾನೆಯೊಂದರಲ್ಲಿ ಸಂಬಳದ ಲೆಕ್ಕ ನೋಡಿಕೊಂಡವಳು, ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಎರಡು ಲೆಕ್ಕ ಬೇರೆ ಮಾಡಿಕೊಳ್ಳಿ. ನೀರು ಬರುವ ಮುಂಚೆ ದುಡಿದ ದಿನಗಳ ಸಂಬಳ, ಓಟಿ ಎಲ್ಲವೂ ನಿಮ್ಮದೇ. ಯಂತ್ರ ಮುಳುಗಿತು, ನಷ್ಟವಾಯಿತು ಅಂತ ಅದನ್ನು ತಡೆಹಿಡಿಯುವಂತಿಲ್ಲ. ಪ್ರಶ್ನೆ ಇರುವುದು ಬಾಗಿಲು ಮುಚ್ಚಿದ್ದ ದಿನಗಳದ್ದು.

ಭಾರತದಲ್ಲಾದರೆ ಇದು ಲೇ-ಆಫ್. ಹೆಸರು ಕೇಳಿ ಗಾಬರಿಯಾಗಬೇಡಿ. ಐಟಿ ಕಂಪನಿಗಳಲ್ಲಿ ಈ ಮಾತಿಗೆ ಕೆಲಸದಿಂದ ತೆಗೆಯುವುದು ಅನ್ನುವ ಅರ್ಥ ಬಂದುಬಿಟ್ಟಿದೆ. ಕಾನೂನಿನಲ್ಲಿ ಹಾಗಲ್ಲ, ಮಾಲೀಕರಿಗೆ ಸದ್ಯಕ್ಕೆ ಕೆಲಸ ಕೊಡಲಾಗದ ಸ್ಥಿತಿ ಅಷ್ಟೇ, ನೌಕರಿ ಉಳಿದೇ ಇರುತ್ತದೆ. ನೈಸರ್ಗಿಕ ವಿಕೋಪವೂ ಲೇ-ಆಫ್‌ಗೆ ಒಂದು ಕಾರಣ ಅಂತ ಕಾಯ್ದೆಯೇ ಹೇಳುತ್ತದೆ. 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಲ್ಲಿ ಒಂದು ವರ್ಷ ಸತತ ಸೇವೆ ಆದವರಿಗೆ, ವಾರದ ರಜೆ ಬಿಟ್ಟು ಉಳಿದ ದಿನಗಳಿಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಬದಲಿ ಕಾರ್ಮಿಕರು, ಆಗೊಮ್ಮೆ ಈಗೊಮ್ಮೆ ಕರೆಸಿಕೊಳ್ಳುವವರು ಇದರಿಂದ ಹೊರಗೆ. ಕೈಯಲ್ಲಿ ಉಳಿತಾಯವೇ ಇಲ್ಲದವರನ್ನು ಹೀಗೆ ಬಿಟ್ಟಿರುವುದು ನನಗೆ ಇವತ್ತಿಗೂ ಅನ್ಯಾಯ ಅನಿಸುತ್ತದೆ.

ಬಹಳ ಜನ ಎಡವುವುದು ಹಾಜರಿಯಲ್ಲಿ. ಕೆಲಸ ಇಲ್ಲ ಅಂತ ಗೊತ್ತಿದ್ದರೂ ದಿನಕ್ಕೊಮ್ಮೆ, ಹೇಳಿದ ಹೊತ್ತಿಗೆ ಹೋಗಿ ಹಾಜರಿ ಹಾಕದಿದ್ದರೆ ಪರಿಹಾರ ತಪ್ಪುತ್ತದೆ. ಗೇಟಿನವರೆಗೂ ನೀರಿದ್ದರೆ, ಹಾಜರಿ ಎಲ್ಲಿ ಹಾಕಬೇಕು ಅಂತ ವಾಟ್ಸಾಪಿನಲ್ಲಾದರೂ ಬರೆದು ಕೇಳಿ. ಬಾಯಿಮಾತು ಆಮೇಲೆ ನಿಲ್ಲುವುದಿಲ್ಲ.

ಒಮ್ಮೆ ನಮ್ಮ ಆಫೀಸಿಗೂ ನೀರು ನುಗ್ಗಿ ಹಾಜರಿ ಪುಸ್ತಕ ನೆನೆದುಹೋಯಿತು. ಹಾಳೆಗಳ ನಡುವೆ ಹಳೇ ಪೇಪರ್ ಇಟ್ಟು ಫ್ಯಾನಿನಡಿ ಒಣಗಿಸಿದೆವು. ನೀಲಿ ಶಾಯಿಯ ಸಹಿಗಳೆಲ್ಲ ಒಂದರೊಳಗೊಂದು ಕಲೆಸಿದ್ದವು. ಒಬ್ಬ ಹುಡುಗ ಮಾತ್ರ ತನ್ನ ಓಟಿ ಹಾಳೆಯ ಫೋಟೊ ಫೋನಿನಲ್ಲಿ ಇಟ್ಟುಕೊಂಡಿದ್ದ. ಅವನ 14 ಗಂಟೆ ಅವತ್ತೇ ಪಾಸಾಯಿತು. ಉಳಿದವರದ್ದನ್ನು ಸೂಪರ್‌ವೈಸರ್ ನೆನಪಿನಿಂದ ಬರೆಸಿದರು, ಎಷ್ಟೋ ಜನರಿಗೆ ಕಡಿಮೆಯೇ ಬಂತು.

ಹೊರದೇಶದಲ್ಲಿದ್ದರೆ ಲೆಕ್ಕ ಬೇರೆ. ಜರ್ಮನಿಯಲ್ಲಿ ಕೆಲಸದ ಜಾಗವೇ ಮುಚ್ಚಿದರೆ ಹೊಣೆ ಸಾಮಾನ್ಯವಾಗಿ ಮಾಲೀಕರದ್ದು, ಸಂಬಳ ಬರುತ್ತದೆ. ಜಾಗ ತೆರೆದಿದ್ದು ದಾರಿ ಮುಳುಗಿ ನೀವು ತಲುಪದಿದ್ದರೆ ನಷ್ಟ ನಿಮ್ಮದು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಗಂಟೆ ಲೆಕ್ಕದವರಿಗೆ ದುಡಿದ ಗಂಟೆಗಷ್ಟೇ ದುಡ್ಡು. ಓಟಿ ಅನ್ವಯಿಸದ, ನಿಗದಿತ ಸಂಬಳದವರು ಆ ವಾರ ಒಂದು ದಿನ ದುಡಿದಿದ್ದು ಮಿಕ್ಕ ದಿನ ಆಫೀಸೇ ಮುಚ್ಚಿದ್ದರೂ ಪೂರ್ತಿ ವಾರದ್ದು ಕೊಡಬೇಕು. ಆಸ್ಟ್ರೇಲಿಯಾದಲ್ಲಿ ಮಾಲೀಕರ ಕೈಮೀರಿ ಕೆಲಸ ನಿಂತರೆ ಸಂಬಳವಿಲ್ಲದೆ ಕೂರಿಸಬಹುದು.

ದೇಶ ಯಾವುದು, ಒಟ್ಟು ಎಷ್ಟು ಜನ ಕಾರ್ಮಿಕರು, ಹತ್ತು ದಿನದಲ್ಲಿ ಹಾಜರಿ ಹಾಕಿದ್ದಿರಾ, ಇಷ್ಟು ತಿಳಿಸಿ. ನಿಮ್ಮ ಲೆಕ್ಕವನ್ನು ಕೂತು ಹಾಕಿಕೊಡುತ್ತೇನೆ.