ಮೋಟಾರ್ ಬದಲಿಸುವ ಮುಂಚೆ ಪೈಪಿನ ಲೆಕ್ಕ ನೋಡಿ ಅಣ್ಣ

ನಮ್ಮ ಗುಂಪಿನಲ್ಲಿ ಚನ್ನಗಿರಿ ಕಡೆಯ ಅಣ್ಣ ಕೇಳಿದ್ದು ಇಷ್ಟು. ಆರು ಎಕರೆ ಅಡಿಕೆ, ಚಾನಲ್ ಪಕ್ಕದ ಬಾವಿ, ನೀರಿಗೆ ಬರ ಇಲ್ಲ. 5 ಎಚ್‌ಪಿ ಮೋಟಾರ್, ಅಲ್ಲಿಂದ 1,200 ಅಡಿ ಎರಡಿಂಚಿನ ಪಿವಿಸಿ ಪೈಪ್, 60 ಅಡಿ ಏರು, ಮೇಲೊಂದು ತೊಟ್ಟಿ, ತೊಟ್ಟಿಯಿಂದ ಡ್ರಿಪ್. ಒಳ್ಳೆ ವೋಲ್ಟೇಜ್ ಇರೋದು ದಿನಕ್ಕೆ ಮೂರು ಗಂಟೆ. ತೊಟ್ಟಿ ತುಂಬುತ್ತಿಲ್ಲ, ಕೊನೆ ಸಾಲುಗಳು ಬಾಡ್ತಿವೆ. ಅಂಗಡಿಯವರು 7.5 ಎಚ್‌ಪಿ ಹಾಕಿಸಿ, 42 ಸಾವಿರ, ಬೇಕಾದ್ರೆ ಕಂತು ಮಾಡಿಕೊಡ್ತೀವಿ ಅಂದಿದ್ದಾರೆ. ಹಾಕಿಸಲಾ?

ಹಾಕಿಸಬೇಡಿ ಅಂತ ನನ್ನ ಅಭಿಪ್ರಾಯ. ಅದೇ ದುಡ್ಡನ್ನು ಪೈಪಿಗೆ ಹಾಕಿ. ಯಾಕೆ ಅನ್ನೋದು ಸ್ವಲ್ಪ ಉದ್ದ ಇದೆ.

ಮೊದಲು ಎಷ್ಟು ನೀರು ಬೇಕು ನೋಡೋಣ. ಒಂಬತ್ತಡಿ ಅಂತರಕ್ಕೆ ಎಕರೆಗೆ 550 ಮರ ಹಿಡಿದರೆ ಆರು ಎಕರೆಗೆ 3,300. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಅಂತ ಕಾಸರಗೋಡಿನ ಸಿಪಿಸಿಆರ್‌ಐನವರ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು. 20 ಅಂತಲೇ ಇಟ್ಟುಕೊಂಡರೆ 66,000 ಲೀಟರ್. ನೀವೇ ಬರೆದ ಹಾಗೆ ತೊಟ್ಟಿ ಹತ್ತಿರ 200 ಲೀಟರ್ ಡ್ರಮ್ ನಲವತ್ತು ಸೆಕೆಂಡಿಗೆ ತುಂಬುತ್ತೆ. ಅಂದ್ರೆ ಸೆಕೆಂಡಿಗೆ 5 ಲೀಟರ್, ಗಂಟೆಗೆ 18,000, ಮೂರು ಗಂಟೆಗೆ 54,000. ಕೊರತೆ 12,000 ಲೀಟರ್, ಅಂದ್ರೆ 600 ಮರದ ಪಾಲು. ಬಾಡ್ತಿರೋ ಸಾಲು ಎಣಿಸಿ ನೋಡಿ, ಹೆಚ್ಚು ಕಮ್ಮಿ ಅಷ್ಟೇ ಇರಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ನಮ್ಮಲ್ಲಿ ಕರೆಂಟ್ ಬಿಲ್ ಇಲ್ಲ. ಹಾಗಾಗಿ ಯೂನಿಟ್ ಉಳಿಸಿದ್ರೆ ನಿಮ್ಮ ಜೇಬಿಗೆ ಏನೂ ಬರಲ್ಲ. ನಿಮಗೆ ನಿಜವಾಗಿ ಕೊರತೆ ಇರೋದು ಆ ಮೂರು ಗಂಟೆ. ದುಡ್ಡು ಎಲ್ಲಿ ಹಾಕಿದ್ರೂ ಕೇಳಬೇಕಾದ ಪ್ರಶ್ನೆ ಒಂದೇ: ಆ ಮೂರು ಗಂಟೆಯಲ್ಲಿ ಎಷ್ಟು ಲೀಟರ್ ಜಾಸ್ತಿ ಬರುತ್ತೆ?

ಈಗ ಪೈಪಿನ ವಿಷಯ. ಎರಡಿಂಚಿನ ಪೈಪ್ ಅಂದ್ರೆ ಹೊರಗೆ 63 ಎಂಎಂ, ಒಳಗೆ ಸುಮಾರು 58. ಅದರಲ್ಲಿ ಸೆಕೆಂಡಿಗೆ 5 ಲೀಟರ್ ನೀರು 1,200 ಅಡಿ ಹೋಗಬೇಕಾದ್ರೆ ಉಜ್ಜಾಟಕ್ಕೇ ಸುಮಾರು 22 ಮೀಟರ್ ಹೆಡ್ (ಪಂಪು ನೀರು ಎತ್ತಬಲ್ಲ ಎತ್ತರ) ಹೋಗುತ್ತೆ. ಏರು ಇರೋದು 60 ಅಡಿ, ಅಂದ್ರೆ 18 ಮೀಟರ್ ಮಾತ್ರ. ಗುಡ್ಡ ಹತ್ತೋದಕ್ಕಿಂತ ಪೈಪ್ ದಾಟೋದಕ್ಕೇ ಪಂಪು ಜಾಸ್ತಿ ದುಡೀತಿದೆ. ನೀರು ಹೆಚ್ಚಿಸಿದಷ್ಟೂ ಈ ನಷ್ಟ ಬೇಗ ಬೇಗ ಏರುತ್ತೆ: ಅದೇ ಪೈಪಲ್ಲಿ ಎರಡರಷ್ಟು ನೀರು ಕಳಿಸಿದ್ರೆ ನಷ್ಟ ಸುಮಾರು ಮೂರೂವರೆ ಪಟ್ಟು. ಅದಕ್ಕೇ 7.5 ಎಚ್‌ಪಿ ಹಾಕಿದ್ರೂ ಸೆಕೆಂಡಿಗೆ 5 ಇದ್ದದ್ದು 6 ಲೀಟರ್ ಆಗಬಹುದು, ಅಷ್ಟೇ. ಒಂದೂವರೆ ಪಟ್ಟು ಶಕ್ತಿಗೆ ಶೇಕಡಾ 20 ನೀರು. ಮೂರು ಗಂಟೆಗೆ 64,800 ಲೀಟರ್. 42 ಸಾವಿರ ಕೊಟ್ಟ ಮೇಲೂ 66,000 ಮುಟ್ಟಲ್ಲ.

ಪೈಪಿನ ಒಳ ಅಗಲ ಜಾಸ್ತಿ ಮಾಡಿದ್ರೆ ಆಟವೇ ಬೇರೆ. ಅಷ್ಟೇ ನೀರಿಗೆ ಎರಡಿಂಚಿನ ಬದಲು ಮೂರಿಂಚು ಹಾಕಿದ್ರೆ ಉಜ್ಜಾಟದ ನಷ್ಟ ಆರನೇ ಒಂದು ಪಾಲಿಗೆ ಇಳಿಯುತ್ತೆ. ಆದ್ರೆ ಹಳೇ ಪೈಪ್ ಕೀಳೋದು ಬೇಡ, ಮೂರಿಂಚು ತರೋದೂ ಬೇಡ. ಹಳೇ ಎರಡಿಂಚಿನ ಪಕ್ಕದಲ್ಲೇ ಎರಡೂವರೆ ಇಂಚಿನದ್ದು ಇನ್ನೊಂದು ಲೈನ್ ಎಳೆಯಿರಿ. ಎರಡೂ ಸೇರಿದ್ರೆ ಲೆಕ್ಕದಲ್ಲಿ ಹೆಚ್ಚು ಕಮ್ಮಿ ಒಂದು ಮೂರಿಂಚಿನ ಪೈಪಿಗೆ ಸಮ. ಕೆಳಗೆ ಪಂಪಿನ ನಾನ್ ರಿಟರ್ನ್ ವಾಲ್ವ್ (ನೀರು ವಾಪಸ್ ಬರದಂತೆ ತಡೆಯೋದು) ಆದ ಕೂಡಲೇ ಲೈನ್ ಎರಡಾಗಿ ಕವಲೊಡೆಯೋಕೆ ಒಂದು ಟೀ ಕೊಡಿ, ಮೇಲೆ ಜೋಡಿಸೋ ಅಗತ್ಯವೇ ಇಲ್ಲ, ಎರಡೂ ಬೇರೆ ಬೇರೆಯಾಗಿ ತೊಟ್ಟಿಗೆ ಬೀಳಲಿ. ಹಾಗೆ ಮಾಡಿದ್ರೆ ಇದೇ 5 ಎಚ್‌ಪಿಯಲ್ಲಿ ಸೆಕೆಂಡಿಗೆ ಏಳರ ಹತ್ತಿರ ನಿರೀಕ್ಷೆ ಮಾಡಬಹುದು. ಮೂರು ಗಂಟೆಗೆ 75,000 ಲೀಟರ್. ಆರೂವರೆಯೇ ಬಂತು ಅಂದ್ರೂ 70,000 ದಾಟುತ್ತೆ.

ಖರ್ಚು? 20 ಅಡಿಯ 60 ಪೈಪ್ ಬೇಕು. ನಮ್ಮ ಕಡೆ ಎರಡೂವರೆ ಇಂಚಿಗೆ ಒಂದಕ್ಕೆ 600ರ ಆಸುಪಾಸು ಹೇಳ್ತಿದ್ದಾರೆ, ನಿಮ್ಮಲ್ಲಿ ಕೇಳಿ ನೋಡಿ. ಪೈಪಿಗೆ 36 ಸಾವಿರ, ಟೀ, ಬೆಂಡು, ಸಲ್ಯೂಷನ್, ಕೂಲಿ ಸೇರಿ 42ರಿಂದ 45 ಸಾವಿರ. ಮೋಟಾರಿನಷ್ಟೇ ದುಡ್ಡು. ಕ್ವಿಂಟಲ್ ರಾಶಿ ಅಡಿಕೆಗೆ 50 ಸಾವಿರ ಅಂತ ಹಿಡಿದರೆ 45 ಸಾವಿರ ಅಂದ್ರೆ 90 ಕೆಜಿ ಅಡಿಕೆ. ಬಾಡ್ತಿರೋ 600 ಮರದಲ್ಲಿ ಮರಕ್ಕೆ 150 ಗ್ರಾಂ ಜಾಸ್ತಿ ಸಿಕ್ಕರೆ ಹಾಕಿದ್ದು ವಾಪಸ್. ಮುಂದಿನ ವರ್ಷ ಇಳುವರಿ ಎಷ್ಟಾಗುತ್ತೆ ಅಂತ ಭವಿಷ್ಯ ಹೇಳೋದಕ್ಕಿಂತ ಹೀಗೆ ತಿರುಗಿಸಿ ಕೇಳೋದು ಒಳ್ಳೇದು. 150 ಗ್ರಾಂ ಆಗುತ್ತೋ ಇಲ್ಲವೋ ಅನ್ನೋದು ನಿಮ್ಮ ತೋಟ ನೋಡಿರೋ ನಿಮಗೇ ಚೆನ್ನಾಗಿ ಗೊತ್ತು.

ಕಂತಿನ ಮಾತಿಗೆ ಮರುಳಾಗಬೇಡಿ. ಅಂಗಡಿಯವರು "ಬರೀ ಹತ್ತು ಪರ್ಸೆಂಟ್, ಹನ್ನೆರಡು ಕಂತು" ಅಂದಿದ್ದಾರಲ್ಲ, ಅಂದ್ರೆ 42,000ಕ್ಕೆ 4,200 ಬಡ್ಡಿ ಸೇರಿಸಿ ತಿಂಗಳಿಗೆ 3,850. ಆದ್ರೆ ಪ್ರತಿ ತಿಂಗಳು ಅಸಲೂ ತೀರ್ತಾ ಬರೋದರಿಂದ ವರ್ಷದುದ್ದಕ್ಕೂ ಸರಾಸರಿ ನಿಮ್ಮ ಹತ್ತಿರ ಇರೋ ಅವರ ದುಡ್ಡು 42 ಅಲ್ಲ, 23 ಸಾವಿರದೊಳಗೆ. ಅದಕ್ಕೆ 4,200 ಬಡ್ಡಿ ಅಂದ್ರೆ ಶೇಕಡಾ 18ರ ಹತ್ತಿರ. ಸಾಲ ಮಾಡಲೇಬೇಕು ಅಂತಿದ್ರೆ ಮೊದಲು ನಿಮ್ಮೂರಿನ ಸಹಕಾರ ಸಂಘದಲ್ಲಿ ವಿಚಾರಿಸಿ, ಆಮೇಲೆ ಅಂಗಡಿ.

ಗುಂಪಿನಲ್ಲಿ ಇನ್ನಿಬ್ಬರು "ನಾನು 7.5 ಹಾಕಿದೆ, ನೀರು ಜೋರಾಯ್ತು" ಅಂತ ಬರೆದಿದ್ದಾರೆ. ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಅವರಲ್ಲೇ ಒಬ್ಬರು ಜೊತೆಗೆ ಫುಟ್‌ವಾಲ್ (ಬಾವಿಯೊಳಗಿನ ಪೈಪಿನ ತುದಿಯ ವಾಲ್ವ್) ಕೂಡ ಹೊಸದು ಹಾಕಿಸಿದ್ದಾರೆ. ನೀರು ಜೋರಾಗಿದ್ದು ಮೋಟಾರಿನಿಂದಲೋ ಫುಟ್‌ವಾಲಿನಿಂದಲೋ ಹೇಗೆ ಹೇಳ್ತೀರಿ? ಇನ್ನೊಬ್ಬರ ಪೈಪ್ ಇರೋದು 300 ಅಡಿ, ಅಲ್ಲಿ ಉಜ್ಜಾಟದ ಪ್ರಶ್ನೆಯೇ ಸಣ್ಣದು. ದೊಡ್ಡ ಮೋಟಾರ್ ಹಾಕಿ ಸುಟ್ಟುಕೊಂಡವರು ಗುಂಪಿನಲ್ಲಿ ಬಂದು ಬರೆಯೋದೂ ಕಮ್ಮಿ.

ಸುಡೋ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 415 ಇರಬೇಕಾದ ಕಡೆ 340 ಬಂದ್ರೆ ಬಲ ಉಳಿಯೋದು ಮೂರನೇ ಎರಡು ಪಾಲು, ಆಂಪಿಯರ್ ಏರುತ್ತೆ, ವೈಂಡಿಂಗ್ ಬಿಸಿಯಾಗುತ್ತೆ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಹತ್ತು ಜನ ಇದ್ದು ಒಬ್ಬರು 7.5 ಹಾಕಿದ್ರೆ ಅವರಿಗೆ ಸ್ವಲ್ಪ ಲಾಭ, ಉಳಿದ ಒಂಬತ್ತು ಜನಕ್ಕೆ ವೋಲ್ಟೇಜ್ ಇನ್ನೊಂದಿಷ್ಟು ಇಳಿಯುತ್ತೆ. ಅದನ್ನು ನೋಡಿ ಪಕ್ಕದವರೂ 7.5 ಹಾಕ್ತಾರೆ. ಕೊನೆಗೆ ಎಲ್ಲರ ಮೋಟಾರೂ ದೊಡ್ಡದು, ನೀರು ಮೊದಲಿನಷ್ಟೇ, ನಡುವೆ ಟಿಸಿ ಸುಟ್ಟು ವಾರಗಟ್ಟಲೆ ಕಾಯೋದು. ನಿಮ್ಮ ಮೂರು ಗಂಟೆ ಎರಡಾಗೋದು ಹೀಗೇ. ನೀವು ಪೈಪ್ ಹಾಕಿದ್ರೆ ಯಾರಿಗೂ ತೊಂದರೆ ಇಲ್ಲ, ಲೋಡ್ ಹೆಚ್ಚಿಸಿದೆ ಅಂತ ಎಸ್ಕಾಂ (ಕರೆಂಟ್ ಕಂಪನಿ) ಹತ್ತಿರ ಓಡಾಡೋದೂ ಇಲ್ಲ.

ಇಷ್ಟೆಲ್ಲ ನಾನು ಇಲ್ಲಿ ಕೂತು ಹಾಕಿದ ಲೆಕ್ಕ. ಪೈಪ್ ತರೋ ಮುಂಚೆ ನಿಮ್ಮ ತೋಟದಲ್ಲಿ ಖಾತ್ರಿ ಮಾಡಿಕೊಳ್ಳಿ, ಖರ್ಚು ಕೆಲವು ನೂರು ರೂಪಾಯಿ. ಪಂಪಿನ ಡೆಲಿವರಿ ಪೈಪಿಗೆ, ನಾನ್ ರಿಟರ್ನ್ ವಾಲ್ವ್‌ನಿಂದ ಆಚೆ, ಒಂದು ಪ್ರೆಷರ್ ಗೇಜ್ ಕೂರಿಸಿ. ಪೈಪ್ ತುಂಬಿ ನೀರು ತೊಟ್ಟಿಗೆ ಬೀಳ್ತಿರುವಾಗ ಮುಳ್ಳು ಎಲ್ಲಿದೆ ಬರೆದಿಟ್ಟುಕೊಳ್ಳಿ. ಮೋಟಾರ್ ಆಫ್ ಮಾಡಿ, ಮುಳ್ಳು ಸ್ವಲ್ಪ ಹೊತ್ತು ತೂಗಾಡಿ ನಿಲ್ಲುತ್ತೆ, ಅದನ್ನೂ ಬರೆಯಿರಿ. ನಿಂತಾಗಿನ ಅಂಕಿ ನಿಮ್ಮ ಏರು, ಹತ್ತು ಮೀಟರಿಗೆ ಒಂದು ಕೆಜಿ ಒತ್ತಡ (ಚದರ ಸೆಂಟಿಮೀಟರಿಗೆ) ಲೆಕ್ಕ, ಅಂದ್ರೆ 1.8ರ ಹತ್ತಿರ ಬರಬೇಕು. ಓಡುವಾಗಿನ ಅಂಕಿಯಿಂದ ಅದನ್ನು ಕಳೆದರೆ ಉಳಿದಿದ್ದು ಪೈಪ್ ತಿನ್ನೋದು. ಓಡುವಾಗ 4ರ ಹತ್ತಿರ ತೋರಿಸಿದ್ರೆ ನಾನು ಹೇಳಿದ್ದು ಸರಿ. 2.2 ಅಥವಾ 2.3 ಅಷ್ಟೇ ತೋರಿಸಿದ್ರೆ ಪೈಪಿನ ತಪ್ಪಲ್ಲ, ಫುಟ್‌ವಾಲ್ ಕಸ ಕಟ್ಟಿದೆಯಾ, ಸಕ್ಷನ್ ಪೈಪಿನಲ್ಲಿ ಗಾಳಿ ಎಳೀತಿದೆಯಾ, ಇಂಪೆಲ್ಲರ್ (ಪಂಪಿನೊಳಗೆ ತಿರುಗೋ ಚಕ್ರ) ಸವೆದಿದೆಯಾ ನೋಡಬೇಕು. ಆಗ ಹೊಸ ಪೈಪೂ ದಂಡ.

ಡ್ರಮ್ ಲೆಕ್ಕವನ್ನೂ ಒಂದೇ ಸಲ ಮಾಡಿ ಬಿಡಬೇಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮೂರ್ನಾಲ್ಕು ದಿನ ಬೇರೆ ಬೇರೆ ಹೊತ್ತಲ್ಲಿ ಮಾಡಿ, ಪಕ್ಕದಲ್ಲಿ ವೋಲ್ಟೇಜ್ ಬರೆಯಿರಿ. ಸರಾಸರಿಗಿಂತ ನಡುವಿನ ಅಂಕಿ ನೋಡಿ, ಒಂದು ಕೆಟ್ಟ ರಾತ್ರಿ ಸರಾಸರಿಯನ್ನೇ ಎಳೆದುಬಿಡುತ್ತೆ. ಪೈಪ್ ಹಾಕಿದ ಮೇಲೂ ಅದೇ ಡ್ರಮ್, ಅದೇ ವೋಲ್ಟೇಜ್ ಇದ್ದಾಗ ಅಳೆದರೆ ಮಾತ್ರ ಹೋಲಿಸಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ಪೈಪಿನ ದಾರಿ ಅಗಲ ಆದಾಗ ಹೆಡ್ ಕಮ್ಮಿಯಾಗಿ ಪಂಪು ಜಾಸ್ತಿ ನೀರು ಎತ್ತುತ್ತೆ, ಜೊತೆಗೆ ಆಂಪಿಯರೂ ಏರಬಹುದು. ಹೆಡ್ ಇಳಿದ್ರೆ ಆಂಪಿಯರ್ ಇಳಿಯುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಈ ಪಂಪಿನಲ್ಲಿ ಸಾಮಾನ್ಯವಾಗಿ ಉಲ್ಟಾ. ಪಂಪಿನ ಪ್ಲೇಟ್ ಮೇಲೆ ಹೆಡ್ ಎಷ್ಟರಿಂದ ಎಷ್ಟು ಅಂತ ಇರುತ್ತೆ, ಹೊಸ ಲೈನ್ ಆದ ಮೇಲೆ ಏರು 18, ಉಜ್ಜಾಟ ಸುಮಾರು 7 ಸೇರಿ 25 ಮೀಟರ್ ಆಗುತ್ತೆ, ಅದು ಅದರೊಳಗೆ ಬರುತ್ತಾ ನೋಡಿ. ಹೊಸ ಲೈನ್ ಬಿಟ್ಟ ದಿನ ಎಲೆಕ್ಟ್ರಿಷಿಯನ್ ಹತ್ತಿರ ಕ್ಲ್ಯಾಂಪ್ ಮೀಟರಲ್ಲಿ ಮೂರೂ ಫೇಸ್ ಅಳೆಸಿ. ಪ್ಲೇಟ್ ಮೇಲಿನ ಆಂಪಿಯರ್ ದಾಟಿದ್ರೆ ಗೇಟ್‌ವಾಲ್ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬನ್ನಿ, ಆಂಪಿಯರ್ ಒಳಗೆ ಬಂದ ಕಡೆ ನಿಲ್ಲಿಸಿ. ಪ್ಲೇಟಿನ ಫೋಟೋ ಮತ್ತು ಗೇಜಿನ ಎರಡು ಅಂಕಿ ಇಲ್ಲಿ ಹಾಕಿ ಅಣ್ಣ, 4 ಕೆಜಿ ಒತ್ತಡ ತಡೆಯೋ ಪೈಪ್ ಸಾಕಾ, ಕೆಳಗಿನ ಭಾಗಕ್ಕೆ 6 ಕೆಜಿ ಬೇಕಾ ಅನ್ನೋದು ಆಗ ಹೇಳ್ತೀನಿ.