ಜೇಬಿನ ಕಂಪ್ಯೂಟರ್: ನೀವು ಕೇಳಿದ್ದು, ನಾನು ಕಂಡದ್ದು

7 ಇಂಚಿನ ಪರದೆ, ಮಡಚಿದರೆ ಅಂಗೈಗಿಂತ ಸ್ವಲ್ಪ ದೊಡ್ಡದು, ಒಳಗೆ ಪೂರ್ತಿ ವಿಂಡೋಸ್. ಅಂಥ ಒಂದು ಯಂತ್ರವನ್ನು ದಿನವೂ ಬಳಸುತ್ತಿದ್ದೇನೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೇ ತಡ, ಪ್ರಶ್ನೆಗಳು ಬಂದವು. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಈ ಜಾತಿಯವೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

ಪ್ರಶ್ನೆ: ನಿಜವಾಗಲೂ ಜೇಬಿಗೆ ಹಿಡಿಯುತ್ತದಾ, ಅಥವಾ ಜಾಹೀರಾತಿನ ಮಾತಾ?

ಯಾವ ಜೇಬು ಅನ್ನುವುದರ ಮೇಲಿದೆ. ಜಾಕೆಟ್ಟಿನ ಜೇಬಿಗೆ ಆರಾಮಾಗಿ ಹೋಗುತ್ತದೆ. ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಬಹುದು, ಆಮೇಲೆ ಕೂರುವ ಹಾಗಿಲ್ಲ. ಅಂಗಿ ಜೇಬಿನ ಆಸೆ ಬಿಡಿ. ಒಂದು ಅಂದಾಜಿಗೆ ಹೇಳುವುದಾದರೆ, 2017ರಲ್ಲಿ ಬಂದ, ಇದೇ ಜಾತಿಯ ಜಿಪಿಡಿ ಪಾಕೆಟ್ ಸುಮಾರು 18 ಸೆಂ.ಮೀ. ಉದ್ದ, 10.6 ಸೆಂ.ಮೀ. ಅಗಲ ಇತ್ತು, ತೂಕ 480 ಗ್ರಾಂ. ಅಂದರೆ ಎರಡು ಫೋನುಗಳಿಗಿಂತ ಜಾಸ್ತಿ. ಜಾಕೆಟ್ ಒಂದು ಕಡೆಗೆ ವಾಲುತ್ತದೆ, ಅಷ್ಟೇ.

ಪ್ರಶ್ನೆ: ಅಷ್ಟು ಚಿಕ್ಕ ಕೀಬೋರ್ಡಿನಲ್ಲಿ ಟೈಪ್ ಮಾಡಲು ಆಗುತ್ತಾ ಸಾರ್? ಮುಖ್ಯವಾಗಿ ಕನ್ನಡ?

ಈ ಯಂತ್ರಗಳ ಹಣೆಬರಹ ನಿರ್ಧಾರವಾಗುವುದೇ ಇಲ್ಲಿ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಅಂತೆಲ್ಲ ಕೇಳುವ ಮೊದಲು ಕೀಬೋರ್ಡಿನ ಫೋಟೋ ದೊಡ್ಡದು ಮಾಡಿ ನೋಡಿ.

ಮಾಮೂಲಿ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಸುಮಾರು 19 ಮಿ.ಮೀ. ಇರುತ್ತದೆ. 7 ಇಂಚಿನ ಯಂತ್ರದಲ್ಲಿ ಅದು 15-16ಕ್ಕೆ ಇಳಿಯುತ್ತದೆ. ಇಷ್ಟಕ್ಕೆ ಬೆರಳು ಹೊಂದಿಕೊಳ್ಳುತ್ತದೆ, ಎರಡೂ ಕೈಯ ಬೆರಳು ಇಟ್ಟು ಮೇಜಿನ ಮೇಲೆ ಟೈಪ್ ಮಾಡಬಹುದು. ಇನ್ನೂ ಚಿಕ್ಕದಾದ 5-6 ಇಂಚಿನವುಗಳಲ್ಲಿ ಹೆಬ್ಬೆರಳೇ ಗತಿ, ಅವು ಬೇರೆಯೇ ಲೋಕ. ಎರಡು ಸಾಲಿನ ಉತ್ತರ ಬರೆಯಲು ಸರಿ, ಎರಡು ಪುಟ ಬರೆಯಲು ಕೂತರೆ ಹೆಬ್ಬೆರಳ ಬುಡ ನೋಯುತ್ತದೆ.

ಆದರೆ ಅಕ್ಷರದ ಕೀಗಳಿಗೆ ಜಾಗ ಉಳಿಸಲು ಇವರು ಮಾಡುವ ಒಂದು ಕಿತಾಪತಿ ಇದೆ. ಬಲಗಡೆಯ ಚಿಹ್ನೆಗಳ ಕೀಗಳನ್ನು, ಅಂದರೆ ಅರ್ಧವಿರಾಮ, ಉದ್ಧರಣ ಚಿಹ್ನೆ, ಚೌಕ ಆವರಣ, ಓರೆಗೆರೆ ಇವನ್ನೆಲ್ಲ, ಅರ್ಧ ಅಗಲಕ್ಕೆ ಕತ್ತರಿಸುತ್ತಾರೆ, ಇಲ್ಲವೇ ಎತ್ತಿ ಇನ್ನೆಲ್ಲೋ ಇಡುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದು ಸಣ್ಣ ಕಿರಿಕಿರಿ. ಇನ್‌ಸ್ಕ್ರಿಪ್ಟ್ ಅನ್ನುವ ಸರ್ಕಾರಿ ಕೀಬೋರ್ಡ್ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಮಾತ್ರ ದೊಡ್ಡ ಹೊಡೆತ, ಯಾಕೆಂದರೆ ಅದರಲ್ಲಿ 'ಚ' ಇರುವುದು ಅರ್ಧವಿರಾಮದ ಕೀಯಲ್ಲಿ, 'ಟ' ಉದ್ಧರಣ ಚಿಹ್ನೆಯ ಕೀಯಲ್ಲಿ, 'ಡ' ಚೌಕ ಆವರಣದಲ್ಲಿ, 'ಯ' ಓರೆಗೆರೆಯಲ್ಲಿ. ಈ ನಾಲ್ಕು ಇಲ್ಲದೆ ಒಂದು ವಾಕ್ಯ ಬರೆಯಿರಿ ನೋಡೋಣ! ಬೆರಳು ಅಭ್ಯಾಸದ ಜಾಗಕ್ಕೆ ಹೋಗುತ್ತದೆ, ಅಲ್ಲಿ ಎಂಟರ್ ಇರುತ್ತದೆ, ವಾಕ್ಯ ಅರ್ಧಕ್ಕೇ ಮುರಿದು ಕೆಳಗಿಳಿಯುತ್ತದೆ.

ಕೆ.ಪಿ. ರಾವ್ ವಿನ್ಯಾಸ, ಅಂದರೆ ನುಡಿ ತಂತ್ರಾಂಶದಲ್ಲಿ ನಾವು ಬಳಸುವ ಆ ಕಗಪ, ಇಲ್ಲಿ ಗೆಲ್ಲುತ್ತದೆ. ಅದರಲ್ಲಿ ಕೆಲಸವೆಲ್ಲ ಹೆಚ್ಚುಕಡಿಮೆ ಎ ಯಿಂದ ಜೆಡ್‌ವರೆಗಿನ ಕೀಗಳಲ್ಲೇ ಮುಗಿಯುತ್ತದೆ, ಆ ಕೀಗಳನ್ನು ಯಾವ ಕಂಪನಿಯೂ ಅಲುಗಾಡಿಸುವುದಿಲ್ಲ. ಶಿಫ್ಟ್ ಮಾತ್ರ ಪದೇ ಪದೇ ಒತ್ತಬೇಕು, ಹಾಗಾಗಿ ಎಡಗಡೆಯ ಶಿಫ್ಟ್ ದೊಡ್ಡದಿದೆಯಾ ಅಂತ ನೋಡಿಕೊಳ್ಳಿ. ಇನ್‌ಸ್ಕ್ರಿಪ್ಟ್ ಬಿಡಲು ಮನಸ್ಸಿಲ್ಲದವರು ಕೀಗಳನ್ನು ಬೇರೆ ಜಾಗಕ್ಕೆ ಬದಲಾಯಿಸುವ ತಂತ್ರಾಂಶ ಹಾಕಿಕೊಳ್ಳಬಹುದು. ಆಮೇಲೆ ಮನೆಯ ಕೀಬೋರ್ಡಿಗೆ ಹೋದಾಗ ಅಲ್ಲಿ ತಪ್ಪುತ್ತದೆ, ಅದು ಬೇರೆ ಕಥೆ.

ಪ್ರಶ್ನೆ: ಕಣ್ಣಿಗೆ ಹೇಗೆ? ನನಗೆ ಈಗ ಓದುವ ಕನ್ನಡಕ ಬಂದಿದೆ.

ಅಕ್ಷರ ಚೂಪಾಗಿದೆ. 7 ಇಂಚಿನಲ್ಲಿ 1920 x 1200 ಚುಕ್ಕೆ ಅಂದರೆ ಇಂಚಿಗೆ 320ಕ್ಕೂ ಜಾಸ್ತಿ. ಆದರೆ ಚೂಪಾಗಿರುವುದೂ ದೊಡ್ಡದಾಗಿರುವುದೂ ಒಂದೇ ಅಲ್ಲವಲ್ಲ. ಓದಲು ಆಗಬೇಕೆಂದರೆ ವಿಂಡೋಸ್‌ನಲ್ಲಿ ಅಳತೆಯನ್ನು 200 ಪರ್ಸೆಂಟ್‌ಗೆ ಏರಿಸಬೇಕು. ಆಗ ನಿಮ್ಮ ಕೈಗೆ ಉಳಿಯುವ ಜಾಗ 960 x 600ರಷ್ಟೇ. ಹಳೆಯ ತಂತ್ರಾಂಶಗಳು ಇಷ್ಟು ಗಿಡ್ಡ ಪರದೆಯನ್ನು ಯೋಚಿಸಿಯೇ ಇರುವುದಿಲ್ಲ, ಸೆಟ್ಟಿಂಗ್ಸ್ ಕಿಟಕಿ ತೆರೆದರೆ 'ಓಕೆ' ಬಟನ್ ಪರದೆಯ ಕೆಳಗೆ ಎಲ್ಲೋ ಹೋಗಿ ಕೂತಿರುತ್ತದೆ. ಆಗ ಎಂಟರ್ ಒತ್ತಿ ನೋಡಿ, ಎಷ್ಟೋ ಸಲ ಅದೇ ಓಕೆ ಆಗುತ್ತದೆ.

ಕನ್ನಡಕ್ಕೆ ಇನ್ನೊಂದು ತಾಪತ್ರಯ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿಗೆ ಎತ್ತರ ಜಾಸ್ತಿ ಬೇಕು. ಇಂಗ್ಲಿಷಿನಲ್ಲಿ ಕಾಣುವಷ್ಟು ಸಾಲು ಕಾಣುವುದಿಲ್ಲ. ನಾನು ಟೂಲ್‌ಬಾರ್ ಎಲ್ಲ ಮುಚ್ಚಿ, ಪರದೆ ತುಂಬ ಬರೀ ಬರಹ ಇಟ್ಟುಕೊಳ್ಳುತ್ತೇನೆ. ಕನ್ನಡಕ ಇರುವವರು ಅಂಗಡಿಯಲ್ಲೋ ಗೆಳೆಯರ ಹತ್ತಿರವೋ ಒಮ್ಮೆ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಲೇಬೇಡಿ.

ಪ್ರಶ್ನೆ: ನನ್ನ ಹತ್ತಿರ ಎಚ್‌ಪಿ 200ಎಲ್‌ಎಕ್ಸ್ ಅನ್ನುವ ಹಳೆಯ ಜೇಬಿನ ಕಂಪ್ಯೂಟರ್ ಇತ್ತು. ಎರಡು ಪೆನ್‌ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತಿತ್ತು. ಈಗಿನವು ಸಂಜೆಯೊಳಗೇ ಸುಸ್ತು. ಮುಂದುವರಿದಿದ್ದೇವೋ ಹಿಂದೆ ಹೋಗಿದ್ದೇವೋ?

ಒಳ್ಳೆ ಯಂತ್ರ ಇಟ್ಟಿದ್ದಿರಿ! 1994ರ ಆ 200ಎಲ್‌ಎಕ್ಸ್‌ನ ಪ್ರೊಸೆಸರ್ ಓಡುತ್ತಿದ್ದದ್ದು 8 ಮೆಗಾಹರ್ಟ್ಸ್‌ಗೂ ಚೂರು ಕಡಿಮೆ ವೇಗದಲ್ಲಿ. ಮೇಲೆ ವಿಂಡೋಸ್‌ಗೆ ಮುಂಚಿನ ಕಾಲದ ಡಾಸ್, ಒಳಗೇ ಎಕ್ಸೆಲ್ ಥರದ ಲೋಟಸ್ 1-2-3. ಪರದೆ ಬೂದು ಬಣ್ಣದ್ದು, ಹಿಂದೆ ಬೆಳಕೇ ಇಲ್ಲ. ಬ್ಯಾಟರಿ ತಿನ್ನುವುದರಲ್ಲಿ ಪರದೆಯ ಬೆಳಕೇ ದೊಡ್ಡ ಬಕಾಸುರ, ಅದು ಇಲ್ಲದಿದ್ದರೆ ಅರ್ಧ ಯುದ್ಧ ಗೆದ್ದಹಾಗೆ. 1997ರ ಸಯಾನ್ ಸೀರೀಸ್ 5 ಅನ್ನುವ ಜೇಬಿನ ಯಂತ್ರ ಕೂಡ ಎರಡು ಪೆನ್‌ಸೆಲ್‌ನದ್ದೇ. ತೆರೆದಾಗ ಅದರ ಕೀಬೋರ್ಡ್ ತಾನಾಗಿಯೇ ಮುಂದಕ್ಕೆ ಜಾರುತ್ತಿತ್ತು, ಪರದೆ ಮುಟ್ಟಿದಾಗ ಯಂತ್ರ ಹಿಂದಕ್ಕೆ ಮಗುಚಬಾರದು ಅಂತ. ಅಂಥ ಜಾಣತನ ಈಗಿನವುಗಳಲ್ಲಿ ನನಗೆ ಕಂಡಿಲ್ಲ.

ಈಗಿನದ್ದರ ಲೆಕ್ಕ ನೋಡಿ. ಪೆಟ್ಟಿಗೆಯ ಮೇಲೆ 7000 ಎಂಎಎಚ್ ಅಂತ ಬರೆದಿದ್ದರೆ ಫೋನಿಗೆ ಹೋಲಿಸಿ ಖುಷಿಪಡಬೇಡಿ. ಅದನ್ನು 3.8 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 26.6 ವ್ಯಾಟ್-ಅವರ್. ಯಂತ್ರ 5 ವ್ಯಾಟ್ ಎಳೆದರೆ ಐದು ಗಂಟೆ ಬರುತ್ತದೆ. 15 ವ್ಯಾಟ್ ಎಳೆದರೆ ಎರಡು ಗಂಟೆಯೂ ಇಲ್ಲ. ಬರೀ ಬರೆಯುವ ಕೆಲಸವಾದರೆ ಮೊದಲನೆಯ ಲೆಕ್ಕದ ಹತ್ತಿರ, ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದು ವಿಡಿಯೋ ಕರೆಗೆ ಕೂತರೆ ಎರಡನೆಯದರ ಕಡೆಗೆ. ಅದೂ ಸಾಲದು ಅಂತ, ಮುಚ್ಚಿಟ್ಟಾಗಲೂ ಈಗಿನ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಒಳಗೊಳಗೇ ನೆಟ್ ನೋಡುತ್ತ ಚಾರ್ಜ್ ಇಳಿಸುತ್ತಿರುತ್ತದೆ. ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್, ಅಂದರೆ ತೆರೆದ ಕೆಲಸ ಉಳಿಸಿಕೊಂಡು ಪೂರ್ತಿ ಆರುವುದು, ಆಗುವಂತೆ ಮಾಡಿಡಿ. ಏಳಲು ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಜೇಬಿನಲ್ಲಿ ಬಿಸಿಯಾಗುವುದಿಲ್ಲ.

ಪ್ರಶ್ನೆ: ಫೋನಿಗೆ ಒಂದು ಬ್ಲೂಟೂತ್ ಕೀಬೋರ್ಡ್ ಹಾಕಿಕೊಂಡರೆ ಸಾಲದಾ?

ಬಹಳಷ್ಟು ಜನರಿಗೆ ಸಾಕು. ಬರೀ ಬರಹ, ಮೇಲ್ ಅಂದರೆ ದುಡ್ಡು ಉಳಿಸಿ.

ಕಂಪ್ಯೂಟರಿನಲ್ಲಿ ಮಾತ್ರ ಓಡುವ ತಂತ್ರಾಂಶ ಬೇಕಾದವರ ವಿಷಯ ಬೇರೆ. ಸರ್ವರ್ ನೋಡಿಕೊಳ್ಳುವವರು, ಯುಎಸ್‌ಬಿ ಕೇಬಲ್ ಚುಚ್ಚಿ ಯಾವುದೋ ಯಂತ್ರದ ಸೆಟ್ಟಿಂಗ್ ಬದಲಾಯಿಸುವವರು, ನಿಂತಲ್ಲೇ ದೊಡ್ಡ ಎಕ್ಸೆಲ್ ಹಾಳೆ ತಿದ್ದಬೇಕಾದವರು. ಅವರಿಗೆ ಇದು ಕೈಗೆ ಸಿಕ್ಕ ವರ. ಇನ್ನೊಂದು ಗುಂಪು ಇದೆ, ನನ್ನಂಥವರು. ಬೇಕು ಅನ್ನಿಸುತ್ತದೆ, ಅದಕ್ಕೆ ಕಾರಣ ಆಮೇಲೆ ಹುಡುಕುತ್ತೇವೆ.

ಪ್ರಶ್ನೆ: ವಿಂಡೋಸ್ ಬದಲು ಲಿನಕ್ಸ್ ಹಾಕಬಹುದಾ?

ಹಾಕಬಹುದು. ಆನ್ ಮಾಡಿದ ತಕ್ಷಣ ಅಕ್ಷರಗಳು ಅಡ್ಡ ಮಲಗಿ ಬಂದರೆ ಗಾಬರಿ ಬೇಡ. ಇಂಥ ಹಲವು ಯಂತ್ರಗಳಲ್ಲಿ ಟ್ಯಾಬ್ಲೆಟ್‌ಗೆ ಮಾಡಿದ, ಉದ್ದಕ್ಕೆ ನಿಲ್ಲುವ ಪರದೆಯನ್ನೇ ಅಡ್ಡ ಮಲಗಿಸಿ ಕೂರಿಸಿರುತ್ತಾರೆ. ಹೆಸರುವಾಸಿ ಮಾದರಿಗಳ ಪಟ್ಟಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ, ಅವುಗಳಲ್ಲಿ ತಾನಾಗಿಯೇ ತಿರುಗುತ್ತದೆ. ಉಳಿದವುಗಳಿಗೆ ಶುರುವಾಗುವಾಗ ಓದುವ ಆದೇಶದ ಸಾಲಿನಲ್ಲಿ (ಬೂಟ್ ಸಾಲು) ಒಂದು ಆಯ್ಕೆ ಸೇರಿಸಬೇಕು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ?

ಕೊಳ್ಳಿ, ಆದರೆ ಮೊದಲು ಮುಚ್ಚಿದ ಯಂತ್ರವನ್ನು ಸಪಾಟು ಮೇಜಿನ ಮೇಲಿಡಿ. ಅಲುಗಾಡಿದರೆ, ಅಥವಾ ಕೀಬೋರ್ಡ್ ನಡುವೆ ಉಬ್ಬಿದ್ದರೆ, ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಜಾಸ್ತಿ, ವಾಪಸ್ ಕೊಟ್ಟು ಬನ್ನಿ. ಆಮೇಲೆ ಒಂದೊಂದೇ ಕೀ ಒತ್ತಿ ನೋಡಿ. ಈ ಅಳತೆಯ ಕೀಬೋರ್ಡ್ ಬಿಡಿಯಾಗಿ ಸಿಗುವುದು ಕಷ್ಟ. ಫೈಲುಗಳ ಸಂಗ್ರಹ ಇಎಂಎಂಸಿ ಅನ್ನುವ ಚಿಪ್ ಆಗಿದ್ದರೆ ಅದು ಬೋರ್ಡಿಗೇ ಬೆಸೆದಿರುತ್ತದೆ, 128 ಜಿಬಿ ಇದ್ದರೆ ಕೊನೆಯವರೆಗೂ 128 ಜಿಬಿಯೇ. ಚಾರ್ಜರ್ ಕೂಡ ಕೇಳಿ ತೆಗೆದುಕೊಳ್ಳಿ, ಹಳೆಯ ಫೋನಿನ 5 ವೋಲ್ಟ್ ಚಾರ್ಜರ್ ಚುಚ್ಚಿದರೆ ಕೆಲವು ಆಮೆಗತಿಯಲ್ಲಿ ತುಂಬುತ್ತವೆ, ಕೆಲವು ಕದಲುವುದೇ ಇಲ್ಲ.